‘ಆರಾಧಿಸು’: ಒಂದು ಕ್ರಿಯಾಪದದ ಅರ್ಥವೂ ವ್ರತಿಯ ಲಾಭವೂ



ನೋಂಪಿಯ ಕಥೆಯನ್ನು ಓದಿ ಮುಗಿಸಿದೊಡನೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಯೊಂದಿದೆ: “ಈ ವ್ರತದಿಂದ ದೊರೆಯುವ ಫಲವೇನು?” ಪ್ರಶ್ನೆಯಲ್ಲಿ ದೋಷವಿಲ್ಲ. ಫಲವಿಲ್ಲದ ಕ್ರಿಯೆಯೇ ಲೋಕದಲ್ಲಿಲ್ಲ. ಆದರೆ ‘ಫಲ’ ಎಂಬ ಪದದ ಮುಂದೆ ನಾವು ಯಾವ ಕ್ರಿಯಾಪದವನ್ನು ಇಡುತ್ತೇವೆ ಎಂಬುದರ ಮೇಲೆ ನಮ್ಮ ವ್ರತದ ಸ್ವರೂಪವೇ ನಿಂತಿರುತ್ತದೆ. ಕೆಲವರು ಫಲವನ್ನು ಪಡೆಯುತ್ತಾರೆ, ಕೆಲವರು ಗಳಿಸುತ್ತಾರೆ, ಕೆಲವರು ಉಣ್ಣುತ್ತಾರೆ. ನಮ್ಮ ಆಚಾರ್ಯರು ಬಳಸಿದ ಪದ ಇವೆಲ್ಲಕ್ಕಿಂತ ಭಿನ್ನವಾದುದು. ಅದು ‘ಆರಾಧಿಸು’. ಇಂದು ನಾವು ಈ ಪದಕ್ಕೆ ‘ಪೂಜಿಸು’ ಎಂಬ ಒಂದೇ ಅರ್ಥವನ್ನು ಉಳಿಸಿಕೊಂಡಿದ್ದೇವೆ. ಅದರ ಮೂಲಾರ್ಥವನ್ನು ವಿಚಾರಿಸಿ, ವ್ರತಿಗೆ ಆಗುವ ನಿಜವಾದ ಲಾಭವೇನೆಂಬುದನ್ನು ತಿಳಿಯುವುದೇ ಈ ಪಾಠದ ಉದ್ದೇಶ.

1. ಫಲದೊಡನೆ ಬರುವ ಕ್ರಿಯಾಪದಗಳು

ನಮ್ಮ ಬಳಗಾನೂರಿನ ಸುತ್ತಲಿನ ಒಕ್ಕಲಿಗನನ್ನು ಕೇಳಿ ನೋಡಿರಿ. ಪ್ರತಿಯೊಂದು ಬೆಳೆಗೂ ಅವನು ಪ್ರತ್ಯೇಕ ಕ್ರಿಯಾಪದವನ್ನು ಇಟ್ಟುಕೊಂಡಿದ್ದಾನೆ. ಕಾಲುವೆಯ ನೀರಿನ ನೆಲ್ಲನ್ನು ಕೊಯ್ಯುತ್ತಾನೆ, ಎರೆಹೊಲದ ಬಿಳಿಜೋಳವನ್ನು ಕೀಳುತ್ತಾನೆ, ಹತ್ತಿಯನ್ನು ಬಿಡಿಸುತ್ತಾನೆ, ಕಣಕ್ಕೆ ತಂದ ಮೇಲೆ ರಾಶಿ ಮಾಡುತ್ತಾನೆ. ಇಷ್ಟಾದ ಮೇಲೂ ಅವನು “ಬೆಳೆ ದಕ್ಕಿತು” ಎನ್ನುವುದು ಕಾಳು ಮನೆಯೊಳಗೆ ಬಂದಾಗ ಮಾತ್ರ. ಕ್ರಿಯಾಪದವು ತಪ್ಪಿದರೆ ಕೆಲಸವೂ ತಪ್ಪುತ್ತದೆಂಬುದು ಅವನಿಗೆ ಗೊತ್ತು. ಹತ್ತಿಯನ್ನು ಯಾರೂ ಕುಡುಗೋಲಿನಿಂದ ಕೊಯ್ಯುವುದಿಲ್ಲ.

ವ್ರತದ ವಿಷಯದಲ್ಲಿ ನಾವು ಇಷ್ಟು ಎಚ್ಚರವಾಗಿಲ್ಲ. ‘ಪಡೆ’ ಎಂದಾಗ ಕೊಡುವವನೊಬ್ಬನು ಎದುರಿಗಿದ್ದಾನೆಂಬ ಭಾವ ಬರುತ್ತದೆ. ಅರ್ಹಂತರು ವೀತರಾಗರು, ಅವರು ಮೆಚ್ಚಿ ಕೊಡುವವರಲ್ಲ, ಮುನಿದು ಕಸಿಯುವವರೂ ಅಲ್ಲ. ‘ಗಳಿಸು’ ಎಂದಾಗ ವ್ಯಾಪಾರದ ಭಾವ ಬರುತ್ತದೆ: ಇಷ್ಟು ಉಪವಾಸಕ್ಕೆ ಇಷ್ಟು ಪುಣ್ಯ. ‘ಉಣ್ಣು’ ಎಂಬುದು ಸಿದ್ಧಾಂತಕ್ಕೆ ಇವೆರಡಕ್ಕಿಂತ ಹತ್ತಿರವಾದ ಪದ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯಲ್ಲಿ ಕರ್ಮಸಿದ್ಧಾಂತದ ಸಾರವೇ ಇದೆ. ನೇಮಿಚಂದ್ರ ಆಚಾರ್ಯರ ದ್ರವ್ಯಸಂಗ್ರಹವು ಜೀವನ ಲಕ್ಷಣಗಳನ್ನು ಹೇಳುವಾಗ ಅವನನ್ನು ಕರ್ತೃವೆಂದೂ ಭೋಕ್ತೃವೆಂದೂ ಕರೆಯುತ್ತದೆ. ಮಾಡುವವನೂ ಅವನೇ, ಉಣ್ಣುವವನೂ ಅವನೇ. ಆದರೆ ಉಣ್ಣುವುದು ಕರ್ಮದ ಉದಯವನ್ನು ಹೇಳುವ ಪದವೇ ಹೊರತು ವ್ರತದ ಗುರಿಯನ್ನು ಹೇಳುವ ಪದವಲ್ಲ. ಗುರಿಯನ್ನು ಹೇಳುವ ಪದಕ್ಕಾಗಿ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅದೃಷ್ಟವಶಾತ್ ದಾರಿಯು ನಮ್ಮ ಊರ ಹತ್ತಿರದಿಂದಲೇ ಆರಂಭವಾಗುತ್ತದೆ.

2. ಮಸ್ಕಿಯ ಬಂಡೆಯೂ ಬ್ರಹ್ಮಗಿರಿಯ ಬಂಡೆಯೂ

ನಮ್ಮ ತಾಲ್ಲೂಕಿನ ಕೇಂದ್ರವಾದ ಮಸ್ಕಿಯಲ್ಲಿ ಸಾಮ್ರಾಟ ಅಶೋಕನ ಕಿರು ಶಿಲಾಶಾಸನವಿದೆ. ಚಿನ್ನದ ಗಣಿಯ ಇಂಜಿನಿಯರಾಗಿದ್ದ ಸಿ. ಬೀಡನ್ ಎಂಬವರು 1915ರಲ್ಲಿ ಇದನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದ್ ಪುರಾತತ್ತ್ವ ಮಾಲೆಯಲ್ಲಿ ಇದನ್ನು ಪ್ರಕಟಿಸಿದರು. ‘ದೇವಾನಾಂಪ್ರಿಯ’ನೆಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರು ಮೊದಲು ದೊರೆತದ್ದು ಈ ಬಂಡೆಯ ಮೇಲೆಯೇ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದರಲ್ಲಿ ಹೇಳಿರುವ ಮಾತನ್ನು ಮಾತ್ರ ಬಹಳ ಜನ ಗಮನಿಸುವುದಿಲ್ಲ. ಧರ್ಮದಲ್ಲಿ ತೊಡಗಿದ ಸಾಮಾನ್ಯನೂ ಈ ಗುರಿಯನ್ನು ಹೊಂದಬಲ್ಲನು, ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ತಿಳಿಯಬಾರದು ಎಂಬುದು ಅದರ ಅಭಿಪ್ರಾಯ. ಇಲ್ಲಿ ‘ಹೊಂದು’ ಎಂಬ ಅರ್ಥಕ್ಕೆ ಬಳಸಿರುವುದು ‘ಅಧಿಗಮಿಸು’ ಎಂಬುದರ ಪ್ರಾಕೃತ ರೂಪ. ತತ್ತ್ವಾರ್ಥಸೂತ್ರವನ್ನು ಓದಿದವರಿಗೆ ಈ ಪದ ಹೊಸದಲ್ಲ. ಸಮ್ಯಗ್ದರ್ಶನವು ನಿಸರ್ಗದಿಂದ ಅಥವಾ ಅಧಿಗಮದಿಂದ ಉಂಟಾಗುತ್ತದೆಂದು ಮೊದಲನೆಯ ಅಧ್ಯಾಯದಲ್ಲಿಯೇ ಹೇಳಿದೆ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದೇ ಸಂದೇಶದ ಮತ್ತೊಂದು ಪಾಠವಿದೆ. ಅದನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅಲ್ಲಿಯ ಪಾಠದಲ್ಲಿ ಕ್ರಿಯಾಪದವು ಬದಲಾಗಿದೆ. ಪ್ರಯತ್ನಶೀಲನಾದ ಸಾಮಾನ್ಯನೂ ವಿಪುಲವಾದ ಸ್ವರ್ಗವನ್ನು ‘ಆರಾಧಿಸ’ಬಲ್ಲನು ಎಂದು ಅದು ಹೇಳುತ್ತದೆ; ಇದು ಪ್ರಯತ್ನದ ಫಲವೆಂದೂ ಸ್ಪಷ್ಟಪಡಿಸುತ್ತದೆ. ಸ್ವರ್ಗವನ್ನು ಯಾರೂ ಹೂವು-ಗಂಧಗಳಿಂದ ಪೂಜಿಸುವುದಿಲ್ಲ. ಆದ್ದರಿಂದ ಕ್ರಿಸ್ತಪೂರ್ವ ಮೂರನೆಯ ಶತಮಾನದ ಪ್ರಾಕೃತದಲ್ಲಿ, ಕರ್ನಾಟಕದ ನೆಲದ ಮೇಲೆಯೇ, ‘ಆರಾಧಿಸು’ ಎಂಬುದಕ್ಕೆ ಪ್ರಯತ್ನದಿಂದ ಸಾಧಿಸಿಕೊಳ್ಳು, ಕೈಗೂಡಿಸಿಕೊಳ್ಳು ಎಂಬ ಅರ್ಥವಿತ್ತೆಂಬುದು ನಿಶ್ಚಯ.

ಅಶೋಕನು ಬೌದ್ಧ ಉಪಾಸಕನಾಗಿದ್ದನು. ಅವನ ಮಾತನ್ನು ಇಲ್ಲಿ ಆಗಮಪ್ರಮಾಣವಾಗಿ ಎತ್ತಿಲ್ಲ, ಭಾಷೆಯ ಸಾಕ್ಷಿಯಾಗಿ ಎತ್ತಿದೆ. ನಮ್ಮ ಪ್ರಾಚೀನ ಆಚಾರ್ಯರು ಗ್ರಂಥಗಳನ್ನು ರಚಿಸಿದ್ದೂ ಪ್ರಾಕೃತದಲ್ಲಿಯೇ. ಅವರ ಕೈಯಲ್ಲಿ ಈ ಪದವು ಏನಾಯಿತೆಂಬುದನ್ನು ಇನ್ನು ನೋಡೋಣ.

3. ಧಾತುವಿನ ಅರ್ಥ

‘ಆರಾಧಿಸು’ ಎಂಬುದು ‘ರಾಧ್’ ಧಾತುವಿನಿಂದ ಬಂದಿದೆ. ಪಾಣಿನೀಯ ಧಾತುಪಾಠವು ‘ರಾಧ್’ ಮತ್ತು ‘ಸಾಧ್’ ಎಂಬೆರಡನ್ನೂ ಒಟ್ಟಿಗೆ ಇರಿಸಿ ಎರಡಕ್ಕೂ ಸಂಸಿದ್ಧಿ ಎಂಬ ಅರ್ಥವನ್ನು ಹೇಳುತ್ತದೆ. ಸಂಸಿದ್ಧಿ ಎಂದರೆ ಚೆನ್ನಾಗಿ ಕೈಗೂಡುವುದು, ಪೂರ್ಣವಾಗುವುದು. ಯಾರನ್ನಾದರೂ ತೃಪ್ತಿಪಡಿಸುವುದು, ಆ ಮೂಲಕ ಪೂಜಿಸುವುದು ಎಂಬ ಅರ್ಥವೂ ಇದೇ ಧಾತುವಿನಿಂದ ಬೆಳೆದಿದೆ. ಕನ್ನಡದಲ್ಲಿ ಅದೇ ಪ್ರಬಲವಾಯಿತು.

ಅಡುಗೆಮನೆಯ ಮಾತಿನಿಂದ ಇದನ್ನು ತಿಳಿಯಬಹುದು. “ಅಡುಗೆ ಸಿದ್ಧವಾಗಿದೆ” ಎನ್ನುತ್ತೇವೆ. ಅಕ್ಕಿಯು ಅನ್ನವಾಗಿ ಬೆಂದಿದೆ ಎಂಬುದು ಇದರ ಅರ್ಥ; ಹೊರಗಿನಿಂದ ಯಾರೋ ಏನನ್ನೋ ತಂದುಕೊಟ್ಟರೆಂಬುದು ಅರ್ಥವಲ್ಲ. ಇದ್ದುದೇ ಪಕ್ವವಾಯಿತು. ಆರಾಧನೆಯೂ ಹಾಗೆಯೇ. ಆತ್ಮನಲ್ಲಿರುವ ಗುಣವು ಪಕ್ವವಾಗುವುದೇ ಆರಾಧನೆ.

ಕುಂದಕುಂದಾಚಾರ್ಯರು ಸಮಯಸಾರದ ಮೋಕ್ಷಾಧಿಕಾರದಲ್ಲಿ ಈ ಪದವನ್ನು ನೇರವಾಗಿಯೇ ವಿಚಾರಿಸಿದ್ದಾರೆ. ಸಂಸಿದ್ಧಿ, ರಾಧ, ಸಿದ್ಧ, ಸಾಧಿತ, ಆರಾಧಿತ ಇವೆಲ್ಲವೂ ಏಕಾರ್ಥಕಗಳೆಂದು ಅವರು ಹೇಳುತ್ತಾರೆ. ಮುಂದುವರಿದು, ಯಾವ ಆತ್ಮನಿಂದ ‘ರಾಧ’ವು ದೂರವಾಗಿದೆಯೋ ಅವನೇ ‘ಅಪರಾಧ’ ಎನ್ನುತ್ತಾರೆ. ನಾವು ನಿತ್ಯವೂ ನ್ಯಾಯಾಲಯದ ಮಾತಾಗಿ ಬಳಸುವ ‘ಅಪರಾಧ’ವು ‘ಆರಾಧನೆ’ಯ ಸೋದರಪದವೆಂಬುದನ್ನು ಎಷ್ಟು ಜನ ಗಮನಿಸಿದ್ದೇವೆ? ತನ್ನ ಸಿದ್ಧಿಯಿಂದ ತಾನೇ ದೂರ ಸರಿಯುವುದೇ ಮೂಲತಃ ಅಪರಾಧ. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗಿದೆ.

ಕನ್ನಡಕ್ಕೆ ಇದಕ್ಕೆ ಸಮೀಪವಾದ ತನ್ನದೇ ಪದವೊಂದಿದೆ. ಅದು ಹಳಗನ್ನಡದ ‘ನೋನ್’. ‘ನೋಂಪಿ’ ಬಂದದ್ದು ಇದರಿಂದಲೇ. ಇದರ ಮೂಲಾರ್ಥ ಸಹಿಸು, ತಾಳಿಕೊಳ್ಳು ಎಂಬುದು. ತಮಿಳಿನ ಸೋದರಪದದಲ್ಲಿಯೂ ಇದೇ ಅರ್ಥವಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಏಳನೆಯ ಶತಮಾನದ ಶಾಸನಗಳಲ್ಲಿ ಸಲ್ಲೇಖನವನ್ನು ಕೈಗೊಂಡವರನ್ನು ಕುರಿತು ‘ನೋಂತು’ ಮುಡಿಪಿದರೆಂದು ಬರೆದಿದೆ. ಕಾಲಕ್ರಮದಲ್ಲಿ ‘ನೋಂತವನು’ ಎಂಬುದಕ್ಕೆ ಪುಣ್ಯವಂತ, ಭಾಗ್ಯಶಾಲಿ ಎಂಬ ಅರ್ಥವೂ ಬಂದಿತು. ತಾಳಿದವನೇ ಭಾಗ್ಯವಂತನೆಂಬುದನ್ನು ನಮ್ಮ ಭಾಷೆಯು ಒಂದೇ ಪದದಲ್ಲಿ ಹಿಡಿದಿಟ್ಟಿದೆ.

4. ಆರಾಧಿಸುವ ಐದು ಬಗೆ

ಶಿವಾರ್ಯರ ಭಗವತೀ ಆರಾಧನೆಯು ಎರಡು ಸಾವಿರಕ್ಕೂ ಹೆಚ್ಚು ಗಾಥೆಗಳ ಪ್ರಾಕೃತ ಗ್ರಂಥ. ನಮ್ಮ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಇದರ ಗಾಥೆಗಳೇ ಆಧಾರ. ಗ್ರಂಥದ ಹೆಸರಿನಲ್ಲಿಯೇ ಆರಾಧನೆ ಇದೆಯಾದರೂ ಅದು ಪೂಜಾವಿಧಿಯ ಗ್ರಂಥವಲ್ಲ. ದರ್ಶನ, ಜ್ಞಾನ, ಚಾರಿತ್ರ, ತಪಸ್ಸು ಎಂಬ ನಾಲ್ಕನ್ನು ಸಾಧಿಸುವುದೇ ಅಲ್ಲಿ ಆರಾಧನೆ. ಆ ಸಾಧನೆಗೆ ಐದು ಬಗೆಗಳನ್ನು ಆರಂಭದಲ್ಲಿಯೇ ಹೇಳಿದೆ.

ಮೊದಲನೆಯದು ಉದ್ಯೋತನ: ಶಂಕೆ ಮುಂತಾದ ದೋಷಗಳನ್ನು ಕಳೆದು ಬೆಳಗಿಸುವುದು. ಎರಡನೆಯದು ಉದ್ಯವನ: ಮತ್ತೆ ಮತ್ತೆ ಅದರಲ್ಲಿ ಬೆರೆತು ಅದೇ ಆಗುವುದು. ಮೂರನೆಯದು ನಿರ್ವಹಣ: ಕಷ್ಟ ಬಂದಾಗಲೂ ಕಳವಳವಿಲ್ಲದೆ ಹೊರುವುದು. ನಾಲ್ಕನೆಯದು ಸಾಧನ: ಬೇರೆ ಕೆಲಸಗಳಲ್ಲಿ ಮರೆಯಾದ ಭಾವವನ್ನು ಪುನಃ ತಂದುಕೊಳ್ಳುವುದು. ಐದನೆಯದು ನಿಸ್ತರಣ: ಕೊನೆಯವರೆಗೆ ದಾಟಿಸಿಕೊಂಡು ಹೋಗುವುದು.

ಬೆಳಗಿಸುವುದು, ಬೆರೆಯುವುದು, ಹೊರುವುದು, ಮರಳಿ ತರುವುದು, ದಾಟಿಸುವುದು: ಈ ಐದರಲ್ಲಿ ಬೇಡುವುದು ಎಂಬ ಕ್ರಿಯೆ ಇಲ್ಲ, ಎಣಿಸುವುದು ಎಂಬುದೂ ಇಲ್ಲ. ದಶಲಕ್ಷಣದ ಹತ್ತು ದಿನಗಳನ್ನು ಇದಕ್ಕೆ ಹೊಂದಿಸಿ ನೋಡಿರಿ. ಉತ್ತಮ ಕ್ಷಮೆಯ ದಿನ ಉಪವಾಸ ಮಾಡಿ ಸಂಜೆಗೆ ಸೊಸೆಯ ಮೇಲೆ ಸಿಡುಕಿದರೆ ಹೊಟ್ಟೆ ಖಾಲಿಯಾಗಿತ್ತು, ಕ್ಷಮೆ ಬೆಂದಿರಲಿಲ್ಲ. ಸಿಡುಕು ಬಂದ ಕ್ಷಣದಲ್ಲಿ “ಇಂದು ಯಾವ ದಿನ” ಎಂದು ನೆನೆದು ಸುಮ್ಮನಾದರೆ ಅಲ್ಲಿ ನಾಲ್ಕನೆಯ ಬಗೆಯ ಆರಾಧನೆಯು ನಡೆಯಿತು.

5. ಆರಾಧನೆಯ ವೈರಿ: ನಿದಾನ

ಕನ್ನಡದ ಮಾತಿನಲ್ಲಿ ‘ನಿಧಾನ’ವೆಂದರೆ ತಾಳ್ಮೆ. ಅಲ್ಪಪ್ರಾಣದ ‘ನಿದಾನ’ವು ಬೇರೆ, ಶಾಸ್ತ್ರದಲ್ಲಿ ಅದು ತಪಸ್ಸಿಗೆ ಪ್ರತಿಯಾಗಿ ಮುಂದಿನ ಭೋಗವನ್ನು ಬಯಸುವುದು. ಭೋಗದ ಆಸೆಯಿಂದ ಚಿತ್ತವನ್ನು ಅದಕ್ಕೇ ಕೊಟ್ಟುಬಿಡುವುದು ನಿದಾನವೆಂದು ಪೂಜ್ಯಪಾದರು ವಿವರಿಸಿದ್ದಾರೆ. ಮಾಯೆ, ಮಿಥ್ಯಾತ್ವ, ನಿದಾನ ಇವು ಮೂರು ಶಲ್ಯಗಳು. ಶಲ್ಯವಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ವ್ರತಿಯ ಲಕ್ಷಣವನ್ನು ಹೇಳಿದೆ. ಅದೇ ಗ್ರಂಥವು ನಿದಾನವನ್ನು ಸಲ್ಲೇಖನದ ಅತಿಚಾರಗಳಲ್ಲಿಯೂ ಆರ್ತಧ್ಯಾನದ ಭೇದಗಳಲ್ಲಿಯೂ ಎಣಿಸಿದೆ.

ನಿದಾನ ಮಾಡುವವನಿಗೆ ಭಗವತೀ ಆರಾಧನೆಯು ಕೊಡುವ ಹೋಲಿಕೆಗಳು ಮನೆಯವರೆಲ್ಲರಿಗೂ ತಿಳಿಯುವಂಥವು. ಅವನು ಕಬ್ಬಿಣದ ತುಂಡಿಗಾಗಿ ನಾವೆಯನ್ನು ಒಡೆಯುವವನಂತೆ. ದಾರಕ್ಕಾಗಿ ರತ್ನವನ್ನು ಒಡೆಯುವವನಂತೆ. ಬೂದಿಗಾಗಿ ಶ್ರೇಷ್ಠವಾದ ಚಂದನವನ್ನು ಸುಡುವವನಂತೆ. ನಮ್ಮ ಎರೆಹೊಲದ ಭಾಷೆಯಲ್ಲಿ ಇನ್ನೊಂದು ಹೋಲಿಕೆಯನ್ನು ಸೇರಿಸಬಹುದು. ಹಾಲುಗಾಳಿನ ಜೋಳದ ತೆನೆಯನ್ನು ಸುಟ್ಟು ತಿನ್ನುವ ಸೀತನಿಯು ಬಹಳ ರುಚಿ. ಆದರೆ ಆ ರುಚಿಗೆ ಮರುಳಾಗಿ ಹೊಲವನ್ನೆಲ್ಲ ಸೀತನಿ ಮಾಡಿದವನಿಗೆ ಸುಗ್ಗಿಯಲ್ಲಿ ರಾಶಿ ಇಲ್ಲ, ಮುಂದಿನ ಬಿತ್ತನೆಗೆ ಬೀಜವೂ ಇಲ್ಲ.

ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯಲ್ಲಿ ಆರಾಧನೆ ಮತ್ತು ನಿದಾನಗಳೆರಡೂ ಎದುರುಬದುರಾಗಿ ನಿಂತಿವೆ. ಹಿಂದಿನ ಜನ್ಮದಲ್ಲಿ ಸುಕುಮಾರನು ವಾಯುಭೂತಿಯಾಗಿದ್ದಾಗ ಕೋಪದಿಂದ ಅತ್ತಿಗೆಯ ಮುಖಕ್ಕೆ ಒದೆದನು. ಒದೆದ ಆ ಕಾಲನ್ನೇ ಮುಂದೆ ತಿನ್ನುವಂತಾಗಲೆಂದು ಆಕೆ ನಿದಾನವನ್ನು ಕಟ್ಟಿಕೊಂಡಳು. ಜನ್ಮಗಳು ಕಳೆದವು. ಅತಿ ಕೋಮಲ ಶರೀರದ ಸುಕುಮಾರನು ದೀಕ್ಷೆಯನ್ನು ಪಡೆದು ಆಹಾರವನ್ನು ತ್ಯಜಿಸಿ ನಿಶ್ಚಲನಾಗಿದ್ದಾಗ, ಹೆಣ್ಣು ನರಿಯಾಗಿ ಹುಟ್ಟಿದ್ದ ಆಕೆ ಮರಿಗಳೊಡನೆ ಬಂದು ಮೂರು ದಿನ ಅವನನ್ನು ಕಾಲಿನಿಂದ ತಿನ್ನುತ್ತ ಬಂದಳು. ಬಯಸಿದ್ದು ನರಿಗೆ ದಕ್ಕಿತು, ಒಂದಿಷ್ಟೂ ಕಡಿಮೆಯಾಗಲಿಲ್ಲ. ಏನನ್ನೂ ಬಯಸದ ಸುಕುಮಾರನು ಆ ಮೂರು ದಿನ ಪರಿಣಾಮವನ್ನು ಕೆಡಿಸಿಕೊಳ್ಳದೆ ರತ್ನತ್ರಯವನ್ನು ಸಾಧಿಸಿದನು. ಫಲ ಇಬ್ಬರಿಗೂ ಬಂದಿತು. ಇಬ್ಬರಲ್ಲಿ ಯಾರು ಲಾಭವನ್ನು ಹೊಂದಿದರೆಂದು ಮಕ್ಕಳನ್ನು ಕೇಳಿದರೂ ಸರಿಯಾದ ಉತ್ತರವನ್ನೇ ಕೊಟ್ಟಾರು.

ಹಾಗಾದರೆ ವ್ರತಿಯು ಏನನ್ನೂ ಕೋರಬಾರದೇ? ಕೋರಬಹುದು. ದುಃಖಕ್ಷಯ, ಕರ್ಮಕ್ಷಯ, ಸಮಾಧಿಮರಣ, ಬೋಧಿಲಾಭ ಇವನ್ನು ಪ್ರಾರ್ಥಿಸಬೇಕು, ಬೇರೆಯದನ್ನಲ್ಲ ಎಂದು ಅದೇ ಭಗವತೀ ಆರಾಧನೆಯು ಹೇಳಿದೆ. ಭಕ್ತಿಪಾಠಗಳ ಕೊನೆಯಲ್ಲಿ ನಾವು ಹೇಳಿಕೊಳ್ಳುವ ಕೋರಿಕೆಯೂ ಇದೇ. ‘ಲಾಭ’ವೆಂಬ ಪದ ಅಲ್ಲಿ ಬಂದಿದೆ, ಆದರೆ ಅದು ಬೋಧಿಯ ಲಾಭ. ನೋಂಪಿಕಥೆಗಳಲ್ಲಿ ಬರುವ ಸಂಪತ್ತು, ಸ್ವರ್ಗಾದಿ ಫಲಗಳು ಸುಳ್ಳಲ್ಲ. ಶುಭರಾಗದಿಂದ ಪುಣ್ಯಬಂಧವಾಗಿ ಅವು ದಾರಿಯಲ್ಲಿ ಬರುವಂಥವು. ಜೋಳಕ್ಕಾಗಿ ಬಿತ್ತಿದವನಿಗೆ ಕಣಿಕೆಯೂ ದೊರೆಯುತ್ತದೆ. ಕಣಿಕೆಗಾಗಿ ಮಾತ್ರ ಜೋಳವನ್ನು ಬಿತ್ತುವವನನ್ನು ಜಾಣನೆನ್ನುವುದಿಲ್ಲ.

6. ಅಪರಾಧ ಯಾವುದು?

ಈ ವಿಚಾರ ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ. ಕೆಲವು ವರ್ಷಗಳ ಹಿಂದೆ ಹಿರಿಯ ಶ್ರಾವಿಕೆಯೊಬ್ಬರು ನನ್ನನ್ನು ಕೇಳಿದರು: “ಮಾಸ್ತರ್ರೇ, ಹದಿನಾಲ್ಕು ವರ್ಷ ಅನಂತನ ನೋಂಪಿ ನಡೆಸಿದೆ. ಉದ್ಯಾಪನೀನೂ ಆತು. ಮಗಗ ನೌಕರಿ ಬರಲಿಲ್ಲ. ನನಗ ದಕ್ಕಿದ್ದೇನ್ರಿ?” ಆ ತಾಯಿಯ ಪ್ರಶ್ನೆಯಲ್ಲಿ ಅಶ್ರದ್ಧೆ ಇರಲಿಲ್ಲ, ದುಃಖವಿತ್ತು. “ತಾಯೀ, ಹದಿನಾಲ್ಕು ವರ್ಷದ ಹಿಂದಿನ ನಿಮಗೂ ಈಗಿನ ನಿಮಗೂ ಏನಾದರೂ ವ್ಯತ್ಯಾಸ ಉಂಟೇ?” ಎಂದೆ. ಬಹಳ ಹೊತ್ತು ಯೋಚಿಸಿ, “ಮೊದಲಿನಂಗ ಸಿಟ್ಟು ಬರಂಗಿಲ್ರಿ. ಹಸಿವಿಗೂ ಅಂಜಿಕಿ ಇಲ್ಲ” ಎಂದರು. ಅದೇ ದಕ್ಕಿದ್ದು ಎಂದೆ. “ಖರೇರಿ. ಆದ್ರ ನೌಕರೀನೂ ಬಂದಿದ್ರ ಚಲೋ ಇತ್ತು” ಎಂದು ನಕ್ಕರು. ಗೃಹಸ್ಥಾಶ್ರಮದಲ್ಲಿ ಅಷ್ಟು ಆಸೆ ಸಹಜವೇ. ಆದರೆ ನೌಕರಿಯು ಬರದಿದ್ದ ಮಾತ್ರಕ್ಕೆ ಹದಿನಾಲ್ಕು ವರ್ಷಗಳು ಬರಿದಾದವೆಂಬ ಭಾರ ಅವರ ಮನಸ್ಸಿನಿಂದ ಇಳಿದದ್ದು ಕಾಣುತ್ತಿತ್ತು.

ಇದಕ್ಕಿಂತ ಕಠಿನವಾದ ಭಾರವನ್ನು ಹೊರುವವರೂ ಇದ್ದಾರೆ. ಸಕ್ಕರೆ ಕಾಯಿಲೆಗೆ ಹೊತ್ತುಹೊತ್ತಿಗೆ ಔಷಧ ತೆಗೆದುಕೊಳ್ಳಬೇಕಾದವರು, ಬಾಣಂತಿಯರು, ವೃದ್ಧರು ಪರ್ವದ ದಿನ ಉಪವಾಸ ಮಾಡಲಾಗದೆ ಅಪರಾಧಿಗಳಂತೆ ಮೂಲೆಯಲ್ಲಿ ಕೂರುತ್ತಾರೆ. ಕೆಲವರು ಯಾರಿಗೂ ಹೇಳದೆ ಔಷಧವನ್ನು ಬಿಟ್ಟು ಪ್ರಾಣಕ್ಕೆ ಆಪತ್ತು ತಂದುಕೊಳ್ಳುವುದೂ ಉಂಟು. ಇವರಿಗಾಗಿ ಕುಂದಕುಂದರ ಮಾತನ್ನು ಮತ್ತೆ ನೆನೆಯಬೇಕು. ‘ರಾಧ’ವು ದೂರವಾದುದೇ ಅಪರಾಧ; ಊಟ ಮಾಡಿದ್ದೇ ಅಪರಾಧವೆಂದು ಅಲ್ಲಿ ಹೇಳಿಲ್ಲ.

ಆಗಮವು ಎರಡು ಕಡೆಗಳಿಂದ ಇವರ ಕೈಹಿಡಿಯುತ್ತದೆ. ಒಂದನೆಯದಾಗಿ, ಷೋಡಶಕಾರಣ ಭಾವನೆಗಳಲ್ಲಿ ಬರುವುದು ‘ಶಕ್ತಿತಃ ತಪ’. ಶಕ್ತಿಯನ್ನು ಮರೆಮಾಡಲೂ ಬಾರದು, ಮೀರಲೂ ಬಾರದು. ಎರಡನೆಯದಾಗಿ, ತಪಸ್ಸು ಹನ್ನೆರಡು ಬಗೆ. ಅನಶನವು ಅವುಗಳಲ್ಲಿ ಒಂದು ಮಾತ್ರ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ, ತುಪ್ಪ, ಹಾಲು, ಸಕ್ಕರೆ ಮುಂತಾದುವುಗಳನ್ನು ಬಿಡುವ ರಸಪರಿತ್ಯಾಗ ಇವೂ ಬಾಹ್ಯತಪಸ್ಸುಗಳೇ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಇವು ಆರು ಅಂತರಂಗ ತಪಸ್ಸುಗಳು. ಔಷಧದೊಡನೆ ಮಿತಾಹಾರವನ್ನು ತೆಗೆದುಕೊಂಡು ದಿನವೆಲ್ಲ ಸ್ವಾಧ್ಯಾಯದಲ್ಲಿರುವ ವೃದ್ಧೆಯು ತಪಸ್ಸಿನಿಂದ ಹೊರಗುಳಿದಿಲ್ಲ.

ಇನ್ನೊಂದು ಕಡೆ, ಉಪವಾಸ ಮಾಡಿದೆನೆಂದು ಸಾರಿಕೊಳ್ಳುವವರು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ತೆರೆದು ನೋಡಬೇಕು. ಪ್ರೋಷಧೋಪವಾಸದ ಅತಿಚಾರಗಳಲ್ಲಿ ಅನಾದರ ಮತ್ತು ಅಸ್ಮರಣ ಎಂಬ ಎರಡು ದೋಷಗಳಿವೆ. ಆಹಾರವನ್ನು ಬಿಟ್ಟಿದ್ದರೂ ಆದರವಿಲ್ಲದಿದ್ದರೆ, ಏಕೆ ಬಿಟ್ಟೆನೆಂಬ ಸ್ಮರಣೆ ಇಲ್ಲದಿದ್ದರೆ ವ್ರತಕ್ಕೆ ಕಲೆ ತಗಲಿತು.

7. ಸಂಕಲ್ಪದ ವಾಕ್ಯ

ಮುಂದಿನ ನೋಂಪಿಯನ್ನು ಹಿಡಿಯುವಾಗ ಸಂಕಲ್ಪದ ವಾಕ್ಯವನ್ನು ಒಮ್ಮೆ ಪರೀಕ್ಷಿಸಿರಿ. “ಇಂಥದು ಆಗಲೆಂದು ಈ ವ್ರತವನ್ನು ಮಾಡುತ್ತೇನೆ” ಎಂದಿದ್ದರೆ ಅದನ್ನು ತಿದ್ದಿ, “ಇಂಥ ಕಷಾಯವು ಕಡಿಮೆಯಾಗುವಂತೆ ಈ ವ್ರತವನ್ನು ಆರಾಧಿಸುತ್ತೇನೆ” ಎಂದು ಮಾಡಿಕೊಳ್ಳಿರಿ. ಕ್ರೋಧವೋ, ಮಾನವೋ, ಮಾಯೆಯೋ, ಲೋಭವೋ, ನಿಮ್ಮಲ್ಲಿ ಯಾವುದು ಹೆಚ್ಚೆಂಬುದು ನಿಮಗೇ ಗೊತ್ತು. ಉದ್ಯಾಪನೆಯ ದಿನ ಎಣಿಸಬೇಕಾದುದು ಆ ಒಂದನ್ನೇ. ಅದು ಎಳ್ಳಷ್ಟು ಕಡಿಮೆಯಾಗಿದ್ದರೂ ವ್ರತವು ಫಲಿಸಿತು. ಆ ಫಲವನ್ನು ಮಳೆ, ಮಾರುಕಟ್ಟೆ, ಅಧಿಕಾರಿ ಯಾರೂ ಕಸಿಯಲಾರರು.

ಮಸ್ಕಿಯ ಬಂಡೆಯ ಮಾತು, ಸಾಮಾನ್ಯನಿಗೂ ಇದು ಸಾಧ್ಯ ಎಂಬುದು, ಇಲ್ಲಿ ನಮಗೂ ಸಲ್ಲುತ್ತದೆ. ಆರಾಧನೆಗೆ ಬೇಕಾದುದು ಪ್ರಯತ್ನ. ಐಶ್ವರ್ಯವೂ ಬೇಡ, ಆರೋಗ್ಯವೂ ಬೇಡ, ಪಾಂಡಿತ್ಯವೂ ಬೇಡ.

ಮನೆಯಲ್ಲಿ ಮಕ್ಕಳೊಡನೆ ವಿಚಾರಿಸಲು ಮೂರು ಪ್ರಶ್ನೆಗಳು:

(1) ‘ಆರಾಧನೆ’ ಮತ್ತು ‘ಅಪರಾಧ’ ಈ ಎರಡು ಪದಗಳಲ್ಲಿ ಸಮಾನವಾದ ಧಾತು ಯಾವುದು? ಅದರ ಅರ್ಥವೇನು?

(2) ಸುಕುಮಾರನ ಕಥೆಯಲ್ಲಿ ನಿದಾನವನ್ನು ಕಟ್ಟಿಕೊಂಡವರು ಯಾರು? ಅವರಿಗೆ ದೊರೆತದ್ದೇನು? ದೊರೆಯದೆ ಹೋದದ್ದೇನು?

(3) ಆರಾಧನೆಯ ಐದು ಬಗೆಗಳಲ್ಲಿ ಯಾವುದನ್ನು ನೀವು ಈ ದಿನವೇ ಮಾಡಬಲ್ಲಿರಿ?